ಚೀನೀ ರಹಸ್ಯ ಸಂಘಗಳು: ಸಾಲ, ನಂಬಿಕೆ ಮತ್ತು ರಕ್ಷಣೆಯ ಚರಿತ್ರೆ

1854ರ ಮೇ ತಿಂಗಳಲ್ಲಿ ಸಿಂಗಪುರದ ಒಂದು ಬೀದಿಯಲ್ಲಿ ಅಕ್ಕಿಯ ಅಳತೆಯ ವಿಷಯವಾಗಿ ಇಬ್ಬರು ಚೀನೀಯರ ನಡುವೆ ಮಾತಿಗೆ ಮಾತು ಬೆಳೆಯಿತು. ವಿವಾದವಿದ್ದದ್ದು 5 ಕ್ಯಾಟಿ ಅಕ್ಕಿಯ ಬಗ್ಗೆ, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 3 ಕಿಲೋ. ಅಲ್ಲಿಂದ ಹೊತ್ತಿಕೊಂಡ ಗಲಭೆ ಹತ್ತು ದಿನಗಳಿಗೂ ಮೀರಿ ನಡೆಯಿತು. ಅಂಗಡಿಗಳು ಲೂಟಿಯಾದವು, ಒಳನಾಡಿನ ತೋಟಗಳು ಸುಟ್ಟವು, ಸುಮಾರು 400 ಮಂದಿ ಪ್ರಾಣ ಕಳೆದುಕೊಂಡರೆಂದು ದಾಖಲೆಗಳು ಹೇಳುತ್ತವೆ. ತಕ್ಕಡಿಯ ಜಗಳವೊಂದು ಇಷ್ಟು ದೂರ ಹೋಗಬೇಕಾದರೆ ಅದರ ಹಿಂದೆ ಬೇರೆ ಲೆಕ್ಕಗಳಿರಲೇಬೇಕು.

ಲೆಕ್ಕ ಇದ್ದದ್ದು ಹೀಗೆ. ಹಿಂದಿನ ವರ್ಷ, 1853ರಲ್ಲಿ, ಚೀನಾದ ಫುಜಿಯಾನ್ ಪ್ರಾಂತ್ಯದ ಶಿಯಾಮೆನ್ ರೇವುಪಟ್ಟಣವನ್ನು ‘ಕಿರುಗತ್ತಿ ಸಂಘ’ವೆಂಬ ರಹಸ್ಯ ಸಂಘ ವಶಪಡಿಸಿಕೊಂಡಿತ್ತು. ಚಕ್ರವರ್ತಿಯ ಸೈನ್ಯ ಊರನ್ನು ಮರಳಿ ಪಡೆದಾಗ ಸಂಘದ ಅನೇಕರು ಹಡಗೇರಿ ಸಿಂಗಪುರಕ್ಕೆ ಬಂದರು. ಇವರ ನೆರವಿಗೆ ಹಣ ಎತ್ತುವ ಪ್ರಶ್ನೆ ಬಂದಾಗ ಹೊಕ್ಕಿಯೆನ್ ಭಾಷಿಕರು ವಂತಿಗೆ ಕೊಡಲೊಪ್ಪಲಿಲ್ಲ. ಹೊಕ್ಕಿಯೆನ್ ಮತ್ತು ತಿಯೋಚ್ಯೂ ಭಾಷಿಕರ ನಡುವೆ ಮೆಣಸಿನ ತೋಟ, ಅಫೀಮು, ಅಂಗಡಿಸಾಲಗಳ ವಿಷಯದಲ್ಲಿ ಮೊದಲೇ ಸ್ಪರ್ಧೆ ಇತ್ತು. ಅಕ್ಕಿ ನೆಪವಾಯಿತಷ್ಟೆ.

ಚೀನೀ ರಹಸ್ಯ ಸಂಘಗಳೆಂದೊಡನೆ ಸಿನಿಮಾಗಳ ಪ್ರಭಾವದಿಂದ ಕತ್ತಿ, ಹಚ್ಚೆ, ಕತ್ತಲೆಯ ಓಣಿಗಳು ನೆನಪಿಗೆ ಬರುವುದು ಸಹಜ. ಆದರೆ ಈ ಸಂಘಗಳ 250 ವರ್ಷಗಳ ಚರಿತ್ರೆಯನ್ನು ವರ್ತಕನ ದೃಷ್ಟಿಯಿಂದ ನೋಡಿದರೆ ಅದು ಬಹುಮಟ್ಟಿಗೆ ಸಾಲ ಕೊಡುವುದು, ವಸೂಲು ಮಾಡುವುದು, ಸರಕು ಕಾಯುವುದು, ಅಪರಿಚಿತನನ್ನು ನಂಬುವುದು, ಈ ನಾಲ್ಕರ ಸುತ್ತಲೇ ತಿರುಗುತ್ತದೆ.

ಬಟ್ಟೆ ವ್ಯಾಪಾರಿಯ ಹೇಳಿಕೆ

ಈ ಸಂಘಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ‘ತಿಯಾಂದಿಹುಯಿ’, ಎಂದರೆ ಭೂಮ್ಯಾಕಾಶ ಸಂಘ. ಸಂಘದೊಳಗೆ ಹೇಳಿಕೊಂಡು ಬಂದ ಕಥೆಯ ಪ್ರಕಾರ ಶಾವೊಲಿನ್ ಮಠದ ಸಂನ್ಯಾಸಿಗಳು ಛಿಂಗ್ ಚಕ್ರವರ್ತಿಗೆ ಯುದ್ಧದಲ್ಲಿ ನೆರವಾದರು. ಅವರ ಬಲಕ್ಕೆ ಹೆದರಿದ ಆಸ್ಥಾನ ಮಠವನ್ನೇ ಸುಡಿಸಿತು. ಬದುಕುಳಿದ ಐವರು ಮಿಂಗ್ ವಂಶವನ್ನು ಮರಳಿ ಸ್ಥಾಪಿಸುವ ಪಣತೊಟ್ಟು ಸಂಘ ಕಟ್ಟಿದರು. ಕಥೆ ರೋಚಕವಾದುದು. ಆದರೆ ಚೀನಾದ ರಾಜ್ಯ ಪತ್ರಾಗಾರಗಳನ್ನು ಶೋಧಿಸಿದ ಇತಿಹಾಸಕಾರರು ಕಂಡುಕೊಂಡ ಸಂಗತಿ ಬೇರೆ. ಸಂಘ ಹುಟ್ಟಿದ್ದು 1761-62ರ ಸುಮಾರಿಗೆ, ಫುಜಿಯಾನ್‌ನ ಝಾಂಗ್‌ಪು ಸೀಮೆಯ ಗಾವೊಶಿ ಎಂಬಲ್ಲಿ. ಸ್ಥಾಪಕ ತಿಶಿ ಎಂಬ ಸಂನ್ಯಾಸಿ. ಸೇರಿದವರು ರಾಜವಂಶಗಳ ಚಿಂತೆಯಿದ್ದವರಲ್ಲ. ತಲೆಹೊರೆ ವ್ಯಾಪಾರಿಗಳು, ಹಮಾಲರು, ದೋಣಿಯವರು, ಊರು ಬಿಟ್ಟು ಬಂದ ಕೂಲಿಕಾರರು.

ಅದಕ್ಕೆ ಕಾರಣವೂ ಉಂಟು. ಹದಿನೆಂಟನೆಯ ಶತಮಾನದಲ್ಲಿ ಚೀನಾದ ಜನಸಂಖ್ಯೆ ಸುಮಾರು ಇಮ್ಮಡಿಯಾಗಿ 30 ಕೋಟಿಯನ್ನು ದಾಟಿತು. ಫುಜಿಯಾನ್, ಗುವಾಂಗ್‌ದೊಂಗ್ ಕರಾವಳಿಯಲ್ಲಿ ಬೆಟ್ಟ ಹೆಚ್ಚು, ಗದ್ದೆ ಕಡಿಮೆ. ಗಂಡಸರು ದುಡಿಮೆ ಅರಸಿ ತೈವಾನಿಗೂ ತೆಂಕಣ ಸಮುದ್ರದ ದ್ವೀಪಗಳಿಗೂ ಹೊರಟರು. ಊರಿನಲ್ಲಿದ್ದಾಗ ಕುಲ, ಬಂಧುಬಳಗ, ಗ್ರಾಮದೇವತೆಯ ಗುಡಿ ಇವು ಕಷ್ಟಕ್ಕಾಗುತ್ತಿದ್ದವು. ದಾರಿಯಲ್ಲಿರುವವನಿಗೆ ಇವೊಂದೂ ಇರಲಿಲ್ಲ. ಪ್ರಮಾಣ ಮಾಡಿ ಅಣ್ಣತಮ್ಮಂದಿರಾಗುವುದೇ ಉಳಿದ ಉಪಾಯ.

1783ರಲ್ಲಿ ಯಾನ್ ಯಾನ್ ಎಂಬ ಬಟ್ಟೆ ವ್ಯಾಪಾರಿ ತೈವಾನಿಗೆ ಹೋದಾಗ ಸಂಘವನ್ನೂ ತನ್ನೊಡನೆ ಕೊಂಡೊಯ್ದ. ಮರುವರ್ಷ ಅದನ್ನು ಸೇರಿದ ಲಿನ್ ಶುವಾಂಗ್‌ವೆನ್ 1787ರಲ್ಲಿ ಅಲ್ಲಿ ದೊಡ್ಡ ದಂಗೆಯ ನಾಯಕನಾದ. ದಂಗೆ ಅಡಗಿದ ಬಳಿಕ ಸೆರೆಸಿಕ್ಕ ಯಾನ್ ಯಾನ್ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆ ದಾಖಲೆಯಲ್ಲಿ ಉಳಿದಿದೆ. ಜನ ಏಕೆ ಸೇರುತ್ತಾರೆಂಬ ಪ್ರಶ್ನೆಗೆ ಅವನು ಹೇಳಿದ ಕಾರಣಗಳು ಒಂದು ವಿಮಾ ಯೋಜನೆಯ ವಿವರಣೆಯನ್ನು ಹೋಲುತ್ತವೆ: ಮದುವೆಗೂ ಶವಸಂಸ್ಕಾರಕ್ಕೂ ಸದಸ್ಯರಿಂದ ಹಣದ ನೆರವು ದೊರೆಯುತ್ತದೆ, ಹೊಡೆದಾಟವಾದರೆ ಜೊತೆಗೆ ಜನ ನಿಲ್ಲುತ್ತಾರೆ, ದಾರಿಯಲ್ಲಿ ದರೋಡೆಕೋರರು ಎದುರಾದರೆ ಗುಪ್ತಸಂಕೇತ ತಿಳಿದವನನ್ನು ಬಿಟ್ಟುಬಿಡುತ್ತಾರೆ, ಹೊಸಬರಿಗೆ ದೀಕ್ಷೆ ಕೊಟ್ಟವನಿಗೆ ಕಾಣಿಕೆಯೂ ಬರುತ್ತದೆ. ಈ ಕೊನೆಯ ಮಾತನ್ನು ಇಂದಿನ ಸರಣಿ ಮಾರಾಟದವರು ಚೆನ್ನಾಗಿ ಬಲ್ಲರು. ಸಂಘ ಬೇಗ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ.

‘ಹುಯಿ’ ಎಂಬ ಪದವೂ ಗಮನಾರ್ಹವಾದುದು. ಚೀನೀ ಭಾಷೆಯಲ್ಲಿ ಸಂಘಕ್ಕೂ ಅದೇ ಹೆಸರು, ಚೀಟಿ ವ್ಯವಹಾರಕ್ಕೂ ಅದೇ ಹೆಸರು. ಹತ್ತಾರು ಮಂದಿ ಕೂಡಿ ತಿಂಗಳಿಗಿಷ್ಟೆಂದು ಹಣ ಹಾಕುವುದು, ಸರದಿಯಂತೆಯೋ ಹರಾಜು ಕೂಗಿಯೋ ಒಬ್ಬೊಬ್ಬರು ಮೊತ್ತವನ್ನು ಎತ್ತುವುದು, ಈ ಪದ್ಧತಿಯನ್ನು ಕನ್ನಡ ನಾಡಿನ ವರ್ತಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಚೀಟಿ ಎತ್ತಿದವನು ಮುಂದಿನ ಕಂತುಗಳನ್ನು ಕಟ್ಟದೆ ಓಡಿಹೋದರೆ ಏನು ಗತಿ ಎಂಬ ಚಿಂತೆಯೂ ಎರಡೂ ಕಡೆ ಒಂದೇ. ನಮ್ಮಲ್ಲಿ ಇದಕ್ಕೆ 1982ರ ಚೀಟಿ ನಿಧಿ ಕಾಯಿದೆ ಇದೆ, ನ್ಯಾಯಾಲಯವಿದೆ. ಪರದೇಶದಲ್ಲಿದ್ದ ಚೀನೀ ಕೂಲಿಕಾರನಿಗೆ ಇದ್ದದ್ದು ಸಂಘದ ಪ್ರಮಾಣವೊಂದೇ.

ಆ ಪ್ರಮಾಣದ ವಿಧಿ ದೀರ್ಘವಾದುದು. ಹೊಸಬನು ಎತ್ತಿ ಹಿಡಿದ ಕತ್ತಿಗಳ ಅಡಿಯಲ್ಲಿ ನಡೆಯಬೇಕು, ಬೆರಳು ಚುಚ್ಚಿದ ರಕ್ತವನ್ನು ಮದ್ಯದಲ್ಲಿ ಬೆರೆಸಿ ಕುಡಿಯಬೇಕು, 36 ಪ್ರತಿಜ್ಞೆಗಳನ್ನು ಸ್ವೀಕರಿಸಬೇಕು. ಸೋದರನಿಗೆ ವಂಚಿಸಬಾರದು, ಅವನ ಗುಟ್ಟನ್ನು ಅಧಿಕಾರಿಗಳಿಗೆ ತಿಳಿಸಬಾರದು ಎಂಬ ಅರ್ಥದವು ಅವುಗಳಲ್ಲಿ ಮುಖ್ಯ. ಮುಂದೆ ಹಾಂಗ್‌ಕಾಂಗ್‌ನ ಸಂಘಗಳಲ್ಲಿ ಹುದ್ದೆಗಳಿಗೆ ಅಂಕೆಗಳೂ ಬಂದವು: ನಾಯಕನಿಗೆ 489, ಹೊಡೆದಾಟದ ಮುಂದಾಳಾದ ‘ಕೆಂಪು ಕೋಲಿ’ಗೆ 426, ಸಾಮಾನ್ಯ ಸದಸ್ಯನಿಗೆ 49. ಇವರ ನಡುವೆ 415 ಎಂಬ ಅಂಕೆಯ ‘ಬಿಳಿ ಕಾಗದದ ಬೀಸಣಿಗೆ’ ಎಂಬೊಬ್ಬನಿದ್ದ. ಅವನು ಆಡಳಿತ ಹಾಗೂ ಲೆಕ್ಕಪತ್ರಗಳ ಅಧಿಕಾರಿ. ಕತ್ತಿ ಹಿಡಿದವನ ಪಕ್ಕದಲ್ಲಿ ಖಾತೆ ಬರೆಯುವವನೂ ಬೇಕೆಂಬುದನ್ನು ಸಂಘಗಳು ಬೇಗನೆ ಅರಿತಿದ್ದವು.

ಕಲ್ಕತ್ತಾದ ಅಫೀಮು, ಸಿಂಗಪುರದ ಗುತ್ತಿಗೆ

ಸಂಘಗಳ ವಾಣಿಜ್ಯ ಚರಿತ್ರೆ ನಿಜವಾಗಿ ವಿಸ್ತಾರಗೊಳ್ಳುವುದು ಮಲಕ್ಕಾ ಜಲಸಂಧಿಯ ಪಟ್ಟಣಗಳಲ್ಲಿ. 1786ರಲ್ಲಿ ಪೆನಾಂಗ್, 1819ರಲ್ಲಿ ಸಿಂಗಪುರ ಇಂಗ್ಲಿಷರ ವಶವಾದವು. 1826ರಲ್ಲಿ ಇವೆರಡನ್ನೂ ಮಲಕ್ಕಾವನ್ನೂ ಕೂಡಿಸಿ ಜಲಸಂಧಿ ವಸಾಹತುಗಳೆಂಬ ಒಂದು ಆಡಳಿತ ಘಟಕವನ್ನು ರಚಿಸಲಾಯಿತು. 1867ರ ಏಪ್ರಿಲ್ 1ರವರೆಗೆ ಇವುಗಳ ಆಳ್ವಿಕೆ ನಡೆದದ್ದು ಭಾರತದಿಂದ. ಕಲ್ಕತ್ತಾದ ಸರ್ಕಾರಕ್ಕೆ ಈ ದೂರದ ರೇವುಗಳ ಮೇಲೆ ಹೆಚ್ಚು ಖರ್ಚು ಮಾಡುವ ಮನಸ್ಸಿರಲಿಲ್ಲ. ಪೊಲೀಸರು ಕಡಿಮೆ, ಚೀನೀ ಭಾಷೆ ಬಲ್ಲ ಅಧಿಕಾರಿ ದುರ್ಲಭ. ರೇವುಗಳು ಸುಂಕರಹಿತವಾದ್ದರಿಂದ ಆಮದು ರಫ್ತಿನಿಂದ ವರಮಾನವೂ ಬರುತ್ತಿರಲಿಲ್ಲ.

ಹಾಗಾದರೆ ಖಜಾನೆ ತುಂಬುತ್ತಿದ್ದದ್ದು ಹೇಗೆ? ಬಹುಪಾಲು ಅಫೀಮಿನಿಂದ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ವಸಾಹತಿನ ವರಮಾನದ ಅರ್ಧದಷ್ಟು ಅಫೀಮಿನ ಗುತ್ತಿಗೆಯೊಂದರಿಂದಲೇ ಬರುತ್ತಿತ್ತು. ಅಬಕಾರಿ ಹರಾಜಿನ ಪದ್ಧತಿಯನ್ನು ನೆನಪಿಟ್ಟಿರುವ ಓದುಗರಿಗೆ ಇದು ಹೊಸದೆನಿಸದು. ಹೆಚ್ಚಿನ ಮೊತ್ತ ಕೂಗಿದವರಿಗೆ ನಿರ್ದಿಷ್ಟ ಅವಧಿಗೆ ಚಿಲ್ಲರೆ ಮಾರಾಟದ ಏಕಸ್ವಾಮ್ಯ. ಕೂಗುತ್ತಿದ್ದವರು ಚೀನೀ ವರ್ತಕರ ಕೂಟಗಳು. ಕಚ್ಚಾ ಅಫೀಮು ಬರುತ್ತಿದ್ದದ್ದು ಭಾರತದಿಂದ. ಪಟ್ನಾ, ಬನಾರಸ್ ಸೀಮೆಗಳಲ್ಲಿ ಬೆಳೆದು ಕಲ್ಕತ್ತಾದಲ್ಲಿ ಹರಾಜಾದ ಪೆಟ್ಟಿಗೆಗಳಲ್ಲಿ ತಲಾ 40 ಉಂಡೆಗಳು. ಗುತ್ತಿಗೆದಾರನು ಅದನ್ನು ಕುದಿಸಿ ‘ಚಂಡು’ವನ್ನಾಗಿ ಮಾಡಿ, ಸಣ್ಣ ಪೊಟ್ಟಣಗಳಲ್ಲಿ ಕೂಲಿಕಾರರಿಗೆ ಮಾರುತ್ತಿದ್ದ.

ಗುತ್ತಿಗೆ ಹಿಡಿದವನಿಗೆ ದೊಡ್ಡ ತಲೆನೋವು ಕಳ್ಳಸಾಗಣೆ. ಸರ್ಕಾರ ಹಕ್ಕನ್ನು ಮಾರುತ್ತಿತ್ತೇ ಹೊರತು ಅದನ್ನು ಕಾಯುವ ಹೊಣೆಯನ್ನು ಸಾಕಷ್ಟು ಹೊರುತ್ತಿರಲಿಲ್ಲ. ತೋಟಗಳ ನಡುವಿನ ತೊರೆಗಳಲ್ಲಿ ದೋಣಿ ತಡೆದು ಶೋಧಿಸುವವರಾರು? ಅದಕ್ಕೆ ಗುತ್ತಿಗೆದಾರನೇ ಕಾವಲುಗಾರರನ್ನು ಇಟ್ಟುಕೊಳ್ಳಬೇಕಾಗಿತ್ತು, ಮತ್ತು ಅಂಥ ಜನ ಸಿಕ್ಕುತ್ತಿದ್ದದ್ದು ‘ಘೀ ಹಿನ್’ನಂಥ ಸಂಘಗಳಲ್ಲಿ. ಘೀ ಹಿನ್ ತಿಯಾಂದಿಹುಯಿಯ ಪರಂಪರೆಗೆ ಸೇರಿದ ಸಂಘ. ಸಿಂಗಪುರ ಬಹುಮಟ್ಟಿಗೆ ಹುಟ್ಟಿದಾಗಲೇ ಅಲ್ಲಿ ಬೇರೂರಿತ್ತು. ಹರಾಜಿನಲ್ಲಿ ಸೋತ ಕೂಟವೂ ಸುಮ್ಮನಿರುತ್ತಿರಲಿಲ್ಲ. ಎದುರಾಳಿಯನ್ನು ನಷ್ಟಕ್ಕೆ ಗುರಿಮಾಡಲು ತನ್ನ ಕಡೆಯ ಸಂಘದ ಮೂಲಕ ಕಳ್ಳ ಅಫೀಮನ್ನು ಒಳಬಿಡುತ್ತಿತ್ತು. ಆ ಕಾಲದ ‘ಚೀನೀ ಗಲಭೆ’ಗಳಲ್ಲಿ ಅನೇಕವು ನಿಜಕ್ಕೂ ಗುತ್ತಿಗೆಯ ಕಾಳಗಗಳು.

ಇದರ ಭಾರವೆಲ್ಲ ಬೀಳುತ್ತಿದ್ದದ್ದು ‘ಸಿಂಕೆ’ ಎಂದು ಕರೆಯಲಾಗುತ್ತಿದ್ದ, ಹೊಸದಾಗಿ ಬಂದಿಳಿದ ಕೂಲಿಕಾರನ ಮೇಲೆ. ಅವನು ಹಡಗಿನ ಬಾಡಿಗೆಯನ್ನು ಸಾಲವಾಗಿ ಹೊತ್ತೇ ಬರುತ್ತಿದ್ದ. ಅವನನ್ನು ಪಡೆದ ತೋಟದೊಡೆಯ ಆ ಸಾಲವನ್ನು ದುಡಿಮೆಯಿಂದ ಕಡಿದುಕೊಳ್ಳುತ್ತಿದ್ದ. ತೋಟದೊಡೆಯನೂ ಸ್ವತಂತ್ರನಲ್ಲ. ಪಟ್ಟಣದ ‘ತೌಕೆ’, ಎಂದರೆ ದೊಡ್ಡ ಸಾಹುಕಾರ, ಅವನಿಗೆ ಅಕ್ಕಿ, ಅಫೀಮುಗಳನ್ನು ಮುಂಗಡ ಕೊಟ್ಟು, ಪ್ರತಿಯಾಗಿ ಮೆಣಸನ್ನೂ ಗ್ಯಾಂಬಿಯರನ್ನೂ ಪೇಟೆಗಿಂತ ಇಳಿದ ದರದಲ್ಲಿ ತೆಗೆದುಕೊಳ್ಳುತ್ತಿದ್ದ. ಗ್ಯಾಂಬಿಯರ್ ಎಂಬುದು ನಮ್ಮ ಕಾಚಿನಂಥ ಪದಾರ್ಥ, ಚರ್ಮ ಹದಮಾಡಲು ಇಂಗ್ಲೆಂಡಿನಲ್ಲಿ ಅದಕ್ಕೆ ಬೇಡಿಕೆ ಇತ್ತು. ಮುಂಗಡದ ಈ ಸರಪಳಿಯ ಪ್ರತಿಯೊಂದು ಕೊಂಡಿಯಲ್ಲೂ ಸಾಲಗಾರ ಓಡಿಹೋಗದಂತೆ ನೋಡಿಕೊಳ್ಳುತ್ತಿದ್ದದ್ದು ಸಂಘ. ದಣಿದ ಕೂಲಿಕಾರನು ಸಂಜೆ ಸೇದುತ್ತಿದ್ದ ಚಂಡುವಿನ ಲಾಭವೂ ಅದೇ ಸಾಹುಕಾರನ ಪೆಟ್ಟಿಗೆಗೆ ಮರಳುತ್ತಿತ್ತು. ಸೋದರತ್ವದ ಪ್ರಮಾಣ ಇಬ್ಬರದೂ ಒಂದೇ. ಖಾತೆಯಲ್ಲಿ ಮಾತ್ರ ಒಬ್ಬನದು ಜಮೆ, ಇನ್ನೊಬ್ಬನದು ಖರ್ಚು.

ತವರದ ಗಣಿ, ಪಟ್ಟಣದ ಬಂಡವಾಳ

ಪೆನಾಂಗಿನಲ್ಲಿ 1867ರ ಆಗಸ್ಟ್‌ನಲ್ಲಿ ನಡೆದ ಗಲಭೆ ಈ ಸಂಘಗಳ ಸಂಬಂಧಗಳು ಚೀನೀಯರಾಚೆಗೂ ಚಾಚಿದ್ದವೆಂಬುದನ್ನು ತೋರಿಸಿತು. ಒಂದೆಡೆ ಘೀ ಹಿನ್ ಸಂಘ, ಅದರ ಜೊತೆ ‘ಬಿಳಿ ಬಾವುಟ’ದವರು, ಇನ್ನೊಂದೆಡೆ ತೊ ಪೆ ಕಾಂಗ್ ಸಂಘ, ಅದರ ಜೊತೆ ‘ಕೆಂಪು ಬಾವುಟ’ದವರು. ಬಾವುಟದ ಎರಡೂ ಸಂಘಗಳು ಮಲಯರದೂ ದಕ್ಷಿಣ ಭಾರತ ಮೂಲದ ಮುಸಲ್ಮಾನರದೂ ಆಗಿದ್ದವು. ಹತ್ತು ದಿನಗಳ ಬೀದಿಕಾಳಗದ ನಂತರ ತನಿಖಾ ಆಯೋಗ ಕುಳಿತು 1868ರಲ್ಲಿ ವರದಿ ಕೊಟ್ಟಿತು. ತೊ ಪೆ ಕಾಂಗ್ ಮುಖಂಡ ಖೂ ತಿಯಾನ್ ತೇಕ್‌ಗೆ ಮರಣದಂಡನೆ ವಿಧಿಸಿ, ಬಳಿಕ ಅದನ್ನು ಸೆರೆವಾಸಕ್ಕೆ ಇಳಿಸಲಾಯಿತು. ಬಿಡುಗಡೆಯಾದ ಮೇಲೆ ಆತ ಮತ್ತೆ ಪೆನಾಂಗಿನ ಗಣ್ಯ ವರ್ತಕರಲ್ಲೊಬ್ಬನಾಗಿ ಬಾಳಿದ.

ಪೆನಾಂಗಿನ ಎದುರಿನ ಪೆರಾಕ್ ಸಂಸ್ಥಾನದಲ್ಲಿ ಇದಕ್ಕಿಂತ ದೀರ್ಘವಾದ ಕದನ ನಡೆದಿತ್ತು. ಲಾರುಟ್ ಎಂಬಲ್ಲಿ ತವರದ ಸಮೃದ್ಧ ನಿಕ್ಷೇಪ ಸಿಕ್ಕಿತ್ತು. ಗಣಿಗಳಿಗೆ ಹರಿಯುವ ನೀರು ಬೇಕು. ಒಂದೇ ತೊರೆಯ ನೀರಿಗೆ ಎರಡು ಗುಂಪುಗಳ ಪೈಪೋಟಿ. ಒಂದು ಹೈ ಸಾನ್ ಸಂಘ, ಇನ್ನೊಂದು ಘೀ ಹಿನ್. 1861ರಿಂದ 1874ರವರೆಗೆ ನಾಲ್ಕು ಬಾರಿ ಯುದ್ಧವೇ ನಡೆಯಿತು. ಗಣಿಯಲ್ಲಿ ಸಾಯುತ್ತಿದ್ದವರು ಕೂಲಿಕಾರರು. ಅಕ್ಕಿ, ಬಂದೂಕು, ಹಣ ಬರುತ್ತಿದ್ದದ್ದು ಪೆನಾಂಗಿನ ಅಂಗಡಿಗಳಿಂದ. 1873ರಲ್ಲಿ ಪೆನಾಂಗಿನ ಪೊಲೀಸ್ ಅಧಿಕಾರಿ ಹುದ್ದೆಯನ್ನು ಬಿಟ್ಟ ಕ್ಯಾಪ್ಟನ್ ಸ್ಪೀಡಿ ಎಂಬಾತ ಲಾರುಟ್‌ನ ಮಂತ್ರಿಯ ಪರವಾಗಿ ಭಾರತಕ್ಕೆ ಬಂದು ನೂರಕ್ಕೂ ಮಿಕ್ಕಿ ಸಿಪಾಯಿಗಳನ್ನು ಕಲೆಹಾಕಿಕೊಂಡು ಹೋದ. ಮುಂದೆ ಪೆರಾಕ್‌ನ ಸಿಖ್ ಪಡೆಗೆ ಇವರೇ ಮೂಲವಾದರು.

1874ರ ಜನವರಿ 20ರಂದು ಪಾಂಗ್‌ಕೋರ್ ದ್ವೀಪದ ಬಳಿ ಒಪ್ಪಂದವಾಯಿತು. ಪೆರಾಕ್‌ಗೆ ಬ್ರಿಟಿಷ್ ರೆಸಿಡೆಂಟ್ ಬಂದದ್ದು ಇದರಿಂದಲೇ. ಮಲಯ ನಾಡಿನಲ್ಲಿ ಬ್ರಿಟಿಷ್ ಆಳ್ವಿಕೆ ಒಳನುಗ್ಗಿದ ಬಾಗಿಲು ಇದು. ಚೀನೀ ಮುಖಂಡರಿಂದ ಶಾಂತಿ ಮುರಿದರೆ 50,000 ಡಾಲರ್ ದಂಡವೆಂಬ ಮುಚ್ಚಳಿಕೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಲಾಯಿತು. ವರ್ತಕರನ್ನು ವರ್ತಕರ ಭಾಷೆಯಲ್ಲೇ ಕಟ್ಟಿಹಾಕಿದ ಕ್ರಮವಿದು. ಗಣಿಯೂರಿಗೆ ‘ತೈಪಿಂಗ್’, ಎಂದರೆ ಚಿರಶಾಂತಿ ಎಂಬ ಹೆಸರು ಬಂತು. ಇಂದಿಗೂ ಅದೇ ಹೆಸರಿದೆ. ಹೈ ಸಾನ್ ಮುಖಂಡ ಚುಂಗ್ ಕೆಂಗ್ ಕ್ವೀ ಮತ್ತು ಘೀ ಹಿನ್‌ನ ಚಿನ್ ಆ ಯಾಮ್ ಇಬ್ಬರನ್ನೂ ಚೀನೀಯರ ಕಪ್ತಾನರೆಂದು ಸರ್ಕಾರ ಮಾನ್ಯ ಮಾಡಿತು. ನಿನ್ನೆ ಸೈನ್ಯ ಸಾಕಿದವರು ಇಂದು ತೆರಿಗೆಯ ಗುತ್ತಿಗೆದಾರರು, ದಾನಿಗಳು, ಸಭಾಧ್ಯಕ್ಷರು.

ನಿಷೇಧ ಬಂದಾಗ

ಸಿಂಗಪುರದಲ್ಲಿ 1877ರಲ್ಲಿ ಚೀನೀಯರ ಸಂರಕ್ಷಣಾಧಿಕಾರಿಯ ಹುದ್ದೆ ಸೃಷ್ಟಿಯಾಯಿತು. ಮೊದಲ ಅಧಿಕಾರಿ ವಿಲಿಯಂ ಪಿಕರಿಂಗ್ ಚೀನೀ ಉಪಭಾಷೆಗಳನ್ನು ಬಲ್ಲವನು. ಹಿಂದೆ ಚೀನಾದ ಕಡಲ ಸುಂಕದ ಇಲಾಖೆಯಲ್ಲಿ ದುಡಿದವನು. ಆ ಇಲಾಖೆಯ ಹುಟ್ಟಿಗೂ ಒಂದು ರಹಸ್ಯ ಸಂಘವೇ ಕಾರಣವೆಂಬುದು ವಿಚಿತ್ರ. 1853ರ ಸೆಪ್ಟೆಂಬರ್‌ನಲ್ಲಿ ಕಿರುಗತ್ತಿ ಸಂಘದವರು ಶಾಂಘೈ ಕೋಟೆಯನ್ನು ಹಿಡಿದಾಗ ಅಲ್ಲಿನ ಸುಂಕದ ಕಟ್ಟೆ ನಿಂತುಹೋಯಿತು. ಅದನ್ನು ಮತ್ತೆ ನಡೆಸಲು 1854ರಲ್ಲಿ ಮಾಡಿದ ತಾತ್ಕಾಲಿಕ ಏರ್ಪಾಡಿನಿಂದ ವಿದೇಶೀಯರ ಮೇಲ್ವಿಚಾರಣೆಯ ಸುಂಕದ ಇಲಾಖೆ ಬೆಳೆಯಿತು.

ಪಿಕರಿಂಗ್ ಸಂಘಗಳನ್ನು ಒಮ್ಮೆಲೇ ಮುಚ್ಚಲು ಹೋಗಲಿಲ್ಲ. 1869ರ ಕಾಯಿದೆಯಂತೆ ನೋಂದಾಯಿಸಿಕೊಂಡ ಸಂಘಗಳ ಮುಖಂಡರನ್ನು ಕರೆಸಿ, ಅವರ ಮೂಲಕವೇ ಜಗಳಗಳನ್ನು ತೀರಿಸುವುದು ಅವನ ರೀತಿ. ಹಡಗಿನಿಂದ ಇಳಿದ ಸಿಂಕೆಗಳನ್ನು ಅವನ ಕಚೇರಿಯವರೇ ವಿಚಾರಿಸಿ ಕರಾರು ಮಾಡಿಸತೊಡಗಿದರು. 1887ರಲ್ಲಿ ಅವನ ಕಚೇರಿಯಲ್ಲೇ ಒಬ್ಬ ಬಡಗಿ ಕೊಡಲಿ ಎಸೆದು ಅವನನ್ನು ಗಾಯಗೊಳಿಸಿದ. ಗವರ್ನರ್ ಸೆಸಿಲ್ ಕ್ಲೆಮೆಂಟಿ ಸ್ಮಿತ್‌ಗೆ ಸಂಘಗಳು ಇರುವುದೇ ಬೇಡವಾಗಿತ್ತು. 1889ರ ಸಂಘಗಳ ಕಾಯಿದೆ 1890ರಿಂದ ಜಾರಿಗೆ ಬಂದು, ಘೀ ಹಿನ್ ವಿಸರ್ಜನೆಯಾಯಿತು.

ನಿಷೇಧ ಫಲಿಸಿತೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡೂ ಉತ್ತರಗಳಿವೆ. ದೊಡ್ಡ ಸಂಘಗಳು ಹೋದವು, ಊರನ್ನೇ ಸ್ತಬ್ಧಗೊಳಿಸುವ ಗಲಭೆಗಳು ನಿಂತವು. ಒಡೆದ ಚೂರುಗಳು ಮಾತ್ರ ಬೀದಿಬೀದಿಯ ಪುಂಡರ ಗುಂಪುಗಳಾಗಿ ಅಂಗಡಿಗಳಿಂದ ಮಾಮೂಲು ಎತ್ತತೊಡಗಿದವು. ಆದರೂ ಕೂಲಿಕಾರನ ಕರಾರು ಸರ್ಕಾರದ ಕಚೇರಿಗೆ ಬಂದದ್ದು, ನ್ಯಾಯಾಲಯದಲ್ಲಿ ದುಭಾಷಿ ಸಿಕ್ಕಿದ್ದು, ಇವು ಸಂಘದ ಕಾಲಕೆಳಗಿನ ನೆಲವನ್ನು ಕಾಯಿದೆಗಿಂತ ಹೆಚ್ಚಾಗಿ ಕೊರೆದವೆನ್ನಬೇಕು. ಅಫೀಮಿನ ಗುತ್ತಿಗೆ 1910ರಲ್ಲಿ ರದ್ದಾಗಿ ಸರ್ಕಾರವೇ ಮಾರಾಟಕ್ಕೆ ನಿಂತಿತು. ಗುತ್ತಿಗೆಯಿಲ್ಲದ ಮೇಲೆ ಅದನ್ನು ಕಾಯುವ ಪಡೆಯ ಕೆಲಸವೂ ತೀರಿತು.

ವರ್ತಕರಿಗೆ ಒಂದು ಬಹಿರಂಗ ವೇದಿಕೆಯೂ ದೊರೆಯಿತು. ಚೀನಾದಲ್ಲಿ ವಾಣಿಜ್ಯ ಮಂಡಳಿಗಳ ಸ್ಥಾಪನೆಗೆ 1904ರಲ್ಲಿ ನಿಯಮಾವಳಿ ಹೊರಟಿತು. ಸಿಂಗಪುರದ ಚೀನೀ ವಾಣಿಜ್ಯ ಮಂಡಳಿ 1906ರಲ್ಲಿ ಆರಂಭವಾಯಿತು. ಹಿಂದೆ ಸಂಘದ ಗುಪ್ತಸಭೆಯಲ್ಲಿ ತೀರ್ಮಾನವಾಗುತ್ತಿದ್ದ ಲೇವಾದೇವಿಯ ತಕರಾರುಗಳು ಈಗ ಹೆಸರು, ವಿಳಾಸ, ನಡವಳಿ ಪುಸ್ತಕಗಳಿದ್ದ ಸಭೆಗೆ ಬರಲು ಅವಕಾಶವಾಯಿತು.

ಶಾಂಘೈ ವರ್ತಕರು ತೆತ್ತ ಬೆಲೆ

ಚೀನಾದೊಳಗೆ ಕಥೆ ಬೇರೆ ದಿಕ್ಕು ಹಿಡಿಯಿತು. ಸುನ್ ಯಾಟ್‌ಸೆನ್ 1904ರಲ್ಲಿ ಹವಾಯಿಯಲ್ಲಿ ಈ ಪರಂಪರೆಯ ಸಂಘದ ದೀಕ್ಷೆ ಪಡೆದರು. ಸಾಗರದಾಚೆಯ ಸೋದರರ ವಂತಿಗೆ ಕ್ರಾಂತಿಗೆ ನೆರವಾಯಿತು. 1911ರಲ್ಲಿ ಕ್ರಾಂತಿಯಾಗಿ ಮರುವರ್ಷ ಛಿಂಗ್ ಆಳ್ವಿಕೆ ಕೊನೆಗೊಂಡಿತು. ಶಾಂಘೈಯಲ್ಲಿ ಪ್ರಬಲವಾದುದು ‘ಹಸಿರು ಕೂಟ’. ಇದರ ಬೇರುಗಳು ಮಹಾಕಾಲುವೆಯಲ್ಲಿ ತೆರಿಗೆಯ ಧಾನ್ಯವನ್ನು ರಾಜಧಾನಿಗೆ ಸಾಗಿಸುತ್ತಿದ್ದ ದೋಣಿಯವರಲ್ಲಿವೆ. 1850ರ ದಶಕದಲ್ಲಿ ತೈಪಿಂಗ್ ದಂಗೆ ಹಾಗೂ ಹಳದಿ ನದಿಯ ಪಥಬದಲಾವಣೆಯಿಂದ ಆ ಸಾಗಣೆ ಕುಸಿದಾಗ ಕೆಲಸ ಕಳೆದುಕೊಂಡವರು ಉಪ್ಪಿನ ಕಳ್ಳಸಾಗಣೆಗೆ ಇಳಿದರು, ಮುಂದೆ ಶಾಂಘೈ ಸೇರಿದರು. ಫ್ರೆಂಚ್ ವಲಯದ ಪೊಲೀಸ್ ಇಲಾಖೆಯಲ್ಲಿ ಚೀನೀ ಪತ್ತೇದಾರರ ಮುಖ್ಯಸ್ಥನಾಗಿದ್ದ ಹುವಾಂಗ್ ಜಿನ್‌ರಾಂಗ್ ಅದೇ ಕಾಲದಲ್ಲಿ ಭೂಗತ ಜಗತ್ತಿನ ದೊರೆಯೂ ಆಗಿದ್ದ. ಅವನ ಆಶ್ರಯದಲ್ಲಿ ಮೇಲೇರಿದವನು, ಹಣ್ಣಿನಂಗಡಿಯಲ್ಲಿ ಕೆಲಸಕ್ಕಿದ್ದ ಡು ಯುವೆಶೆಂಗ್.

1927ರ ವಸಂತದಲ್ಲಿ ಶಾಂಘೈ ಕಾರ್ಮಿಕ ಸಂಘಗಳ ಹಿಡಿತದಲ್ಲಿತ್ತು. ಮುಷ್ಕರಗಳಿಂದ ಬೇಸತ್ತ ಗಿರಣಿ ಮಾಲೀಕರು, ಬ್ಯಾಂಕುದಾರರು ಚಿಯಾಂಗ್ ಕೈಶೇಕ್‌ಗೆ ದೊಡ್ಡ ಮೊತ್ತದ ಸಾಲ ಕೊಟ್ಟರು. ಏಪ್ರಿಲ್ 11ರ ರಾತ್ರಿ ಕಾರ್ಮಿಕ ಮುಖಂಡ ವಾಂಗ್ ಶೌಹುವಾನನ್ನು ಡು ಊಟಕ್ಕೆಂದು ಕರೆಸಿ ಕೊಲ್ಲಿಸಿದ. ಮರುದಿನ ಮುಂಜಾನೆ ಹಸಿರು ಕೂಟದ ಜನ ಕಾರ್ಮಿಕರ ಪಟ್ಟಿಗಳನ್ನೇ ತೋಳಿಗೆ ಕಟ್ಟಿಕೊಂಡು ಕಾರ್ಮಿಕ ಸಂಘಗಳ ಮೇಲೆ ಬಿದ್ದರು. ಮಾಲೀಕರಿಗೆ ಬೇಕಾದದ್ದು ಒಂದು ಬೆಳಗಿನಲ್ಲಿ ಆಗಿಹೋಯಿತು.

ಬಿಲ್ಲು ಬಂದದ್ದು ಅನಂತರ. ಯುದ್ಧದ ಖರ್ಚಿಗೆ ಮತ್ತೆ ಮತ್ತೆ ಸಾಲಪತ್ರಗಳನ್ನು ಕೊಳ್ಳಬೇಕೆಂಬ ಆಜ್ಞೆಗಳು ಹೊರಟವು. ಒಪ್ಪದವರ ಮೇಲೆ ಕಮ್ಯುನಿಸ್ಟನೆಂದೋ ಹಳೆಯ ಸೇನಾಧಿಪತಿಗಳ ಬಂಟನೆಂದೋ ಆರೋಪ. ಕೆಲವರ ಮಕ್ಕಳ ಬಂಧನ ಅಥವಾ ಅಪಹರಣ. ಶಾಂಘೈ ಪ್ರಧಾನ ವಾಣಿಜ್ಯ ಮಂಡಳಿಯ ಅಧ್ಯಕ್ಷ ಫು ಜಾಂಗ್‌ಯಾವ್ ಅವರ ಬಂಧನಕ್ಕೇ ಆಜ್ಞೆಯಾಗಿ, ಆಸ್ತಿ ಮುಟ್ಟುಗೋಲಾಯಿತು. ಹಿಟ್ಟು ಮತ್ತು ಹತ್ತಿ ಗಿರಣಿಗಳ ದೊಡ್ಡ ಉದ್ಯಮಿ ರಾಂಗ್ ಜಾಂಗ್‌ಜಿಂಗ್ ಕೂಡ ದೊಡ್ಡ ಮೊತ್ತ ತೆತ್ತ ಮೇಲೆಯೇ ಬಂಧನದ ಭಯದಿಂದ ಪಾರಾದದ್ದು. ಮುಷ್ಕರ ಮುರಿಯಲು ಬಂದ ಕೈಗಳೇ ಈಗ ಗಲ್ಲಾಪೆಟ್ಟಿಗೆಯ ಮೇಲಿದ್ದವು. ದೂರು ಕೊಡೋಣವೆಂದರೆ ಕಾರ್ಮಿಕ ಸಂಘಗಳಿಲ್ಲ, ವಾಣಿಜ್ಯ ಮಂಡಳಿಗೆ ಧ್ವನಿಯಿಲ್ಲ, ಪೊಲೀಸರಲ್ಲಿ ಕೂಟದವರೇ ಇದ್ದಾರೆ.

ಡು ಯುವೆಶೆಂಗ್ ಮಾತ್ರ 1929ರಲ್ಲಿ ಸ್ವಂತ ಬ್ಯಾಂಕನ್ನೇ ತೆರೆದ. ಅಫೀಮಿನ ಹಣ ಅಲ್ಲಿ ಗೌರವಾನ್ವಿತ ಠೇವಣಿಯಾಯಿತು. ಆತ ಅನೇಕ ಕಂಪನಿಗಳ ನಿರ್ದೇಶಕನೂ ಆದ. 1949ರಲ್ಲಿ ಕಮ್ಯುನಿಸ್ಟರು ಶಾಂಘೈಗೆ ಬರುವ ಮೊದಲೇ ಹಾಂಗ್‌ಕಾಂಗ್‌ಗೆ ಹೋಗಿ, 1951ರಲ್ಲಿ ಅಲ್ಲೇ ತೀರಿಕೊಂಡ. ಹೊಸ ಆಡಳಿತ ಚೀನಾದ ಮುಖ್ಯ ಭೂಭಾಗದಲ್ಲಿ ಸಂಘಗಳನ್ನು ನಿರ್ದಾಕ್ಷಿಣ್ಯವಾಗಿ ಅಳಿಸಿಹಾಕಿತು. ಒಂದು ಕವಲು ಮಾತ್ರ ಸಭ್ಯರೂಪದಲ್ಲಿ ಉಳಿದಿದೆ: ಹಾಂಗ್‌ಮೆನ್ ಪರಂಪರೆಯ ಸಾಗರೋತ್ತರ ಸದಸ್ಯರು 1925ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಝಿಗಾಂಗ್ ಪಕ್ಷ ಇಂದು ಚೀನಾದಲ್ಲಿ ಮಾನ್ಯತೆಯಿರುವ ಎಂಟು ಸಣ್ಣ ಪಕ್ಷಗಳಲ್ಲಿ ಒಂದು.

ಹಾಂಗ್‌ಕಾಂಗ್‌ನಲ್ಲಿ ‘ಟ್ರಯಡ್’ ಎಂಬ ಹೆಸರಿನ ಸಂಘಗಳನ್ನು 1845ರಲ್ಲೇ ನಿಷೇಧಿಸಲಾಗಿತ್ತು. ಆದರೂ ಅವು ಪೊಲೀಸರ ಲಂಚಗುಳಿತನದ ನೆರಳಿನಲ್ಲಿ ಬೆಳೆದವು. 1974ರಲ್ಲಿ ಸ್ವತಂತ್ರ ಭ್ರಷ್ಟಾಚಾರ ನಿಗ್ರಹ ಆಯೋಗ ಬಂದ ಬಳಿಕ ಆ ನೆರಳು ಬಹಳ ಮಟ್ಟಿಗೆ ಸರಿಯಿತು. ಸಂಘಗಳು ಹಿಡಿದ ವ್ಯಾಪಾರಗಳಲ್ಲಿ ಮಿನಿಬಸ್ ಮಾರ್ಗಗಳೂ, ಹೊಸ ವಸತಿ ಸಮುಚ್ಚಯಗಳಲ್ಲಿ ಮನೆಗಳ ಒಳಾಂಗಣ ಕೆಲಸದ ಗುತ್ತಿಗೆಯೂ ಸೇರಿದ್ದವು. ಬೀಗದ ಕೈ ಪಡೆದು ಹೊಸ ಮನೆಗೆ ಬಂದವನಿಗೆ ಬಾಗಿಲಲ್ಲೇ ಎದುರಾಗಿ, ಬಣ್ಣ, ಟೈಲ್ಸ್, ಕಿಟಕಿ ಕೆಲಸಕ್ಕೆ ತಾವು ಹೇಳಿದವರನ್ನೇ, ತಾವು ಹೇಳಿದ ದರಕ್ಕೇ ಇಟ್ಟುಕೊಳ್ಳಬೇಕೆನ್ನುವುದು ಅವರ ಕ್ರಮ. ಕಡಿಮೆ ದರಕ್ಕೆ ಒಳ್ಳೆಯ ಕೆಲಸ ಮಾಡಬಲ್ಲ ಸಣ್ಣ ಗುತ್ತಿಗೆದಾರ ಅಂಥ ಸಮುಚ್ಚಯದ ಗೇಟಿನೊಳಗೆ ತನ್ನ ಸಾಮಾನಿನ ಗಾಡಿಯನ್ನು ತರುವುದೇ ಕಷ್ಟವಾಗಿತ್ತು.